ಅಂಪೈರ್ ಚೆಸ್ಟ್ ಪ್ರೊಟೆಕ್ಟರ್: ಮೂರು ಸೀಸನ್ ಏಟು ತಿಂದಮೇಲೆ ಬರೀತಿರೋ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಇದು ಬೇಸ್‌ಬಾಲ್ ಆಡೋರಿಗೆ ಬರೆದಿದ್ದಲ್ಲ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯೋ ಕ್ಯಾಚರ್ ಬೆನ್ನ ಹಿಂದೆ ಬಗ್ಗಿ ನಿಂತು ಎರಡೂ ಟೀಮಿನವರ ಕೈಲಿ ಬೈಸ್ಕೊಳ್ಳೋ ಪ್ಲೇಟ್ ಅಂಪೈರ್‌ಗಳಿಗೆ ಬರೆದಿದ್ದು. ಮಕ್ಕಳ ಲೀಗು, ಹೈಸ್ಕೂಲ್ ಗೇಮು ಎಲ್ಲಾ ಸೇರಿ ಮೂರು ಸೀಸನ್ನಿಂದ ಒಂದೇ ಹಾರ್ಡ್ ಶೆಲ್ ಪ್ರೊಟೆಕ್ಟರ್ ಹಾಕ್ತಿದೀನಿ, ಅದಕ್ಕೂ ಮುಂಚೆ ಒಂದು ಸೀಸನ್ ತಪ್ಪು ಸಾಮಾನು ಕಟ್ಕೊಂಡು ಒದ್ದಾಡಿದೀನಿ, ಮಧ್ಯದಲ್ಲಿ ಒಂದು ಸಾಫ್ಟ್ ಪ್ರೊಟೆಕ್ಟರನ್ನೂ ತರಿಸಿ ಹಾಕಿ ನೋಡಿದೀನಿ. ನಾನು ಹಾಕಿರೋ ಕಂಪನಿ ಹೆಸರು ಬರೆಯಕ್ಕೆ ಹೋಗಲ್ಲ, ಯಾಕಂದ್ರೆ ಬ್ರ್ಯಾಂಡಿಗಿಂತ ಅದು ಯಾವ ಜಾತಿಯದ್ದು, ನಿಮ್ಮ ಮೈಗೆ ಹೆಂಗೆ ಕೂರುತ್ತೆ ಅನ್ನೋದೇ ಮುಕ್ಕಾಲು ಪಾಲು, ಇನ್ನು ಕಾಲು ಪಾಲು ನೀವು ಪಟ್ಟಿ ಸರಿಯಾಗಿ ಅಡ್ಜಸ್ಟ್ ಮಾಡೋ ತಾಳ್ಮೆ ಇದೆಯೋ ಇಲ್ವೋ ಅನ್ನೋದು.

ಆ ತಪ್ಪು ಸಾಮಾನಿನ ಕತೆ ಮೊದ್ಲು ಮುಗಿಸ್ತೀನಿ. ಅಂಪೈರಿಂಗ್ ಶುರು ಮಾಡಿದಾಗ ಮಾಸ್ಕ್ ಒಂದು ತಗೊಂಡೆ, ಮೊಣಕಾಲ ಕೆಳಗೆ ಕಟ್ಟೋ ಶಿನ್ ಗಾರ್ಡ್ ಯಾರೋ ಹಳೇದು ಕೊಟ್ರು, ಎದೆಗೆ ಮಾತ್ರ ಟೀಮಿನ ಬ್ಯಾಗಲ್ಲಿ ಬಿದ್ದಿದ್ದ ಕ್ಯಾಚರ್ ಪ್ರೊಟೆಕ್ಟರ್ ಒಂದನ್ನ ಎತ್ಕೊಂಡು ಕಟ್ಕೊಂಡೆ. ಎರಡೂ ಎದೆಗೆ ತಾನೇ, ಎರಡರಲ್ಲೂ ಸ್ಪಂಜು ತಾನೇ, ಏನು ಮಹಾ ವ್ಯತ್ಯಾಸ ಅಂತ. ಐದಾರು ಗೇಮ್ ಏನೂ ಆಗ್ಲಿಲ್ಲ, ಅದೇ ಆಗಿದ್ದು ತಪ್ಪು, ಏನೂ ಆಗ್ದೇ ಇದ್ರೆ ನಮ್ಮ ಬುದ್ಧಿಗೆ ನಾವೇ ಶಭಾಷ್ ಅಂದ್ಕೊತೀವಲ್ಲ. ಏಳನೇದೋ ಎಂಟನೇದೋ ಗೇಮಲ್ಲಿ ಬ್ಯಾಟಿನ ಮೇಲಂಚಿಗೆ ಸವರಿದ ಚೆಂಡು ನೇರ ಬಂದು ಎಡಗಡೆ ಕಾಲರ್ ಬೋನ್ ಮೇಲೆ ಕೂತ್ತು. ಕ್ಯಾಚರ್ ಪ್ರೊಟೆಕ್ಟರಲ್ಲಿ ಆ ಜಾಗದಲ್ಲಿ ಎರಡು ಬೆರಳಗಲದ ಸ್ಪಂಜಿತ್ತು, ನಾನು ಬಗ್ಗಿ ನಿಂತಿದ್ದಕ್ಕೆ ಅದೂ ಪಕ್ಕಕ್ಕೆ ಸರಿದಿತ್ತು. ಮೂಳೆ ಮುರೀಲಿಲ್ಲ, ನನ್ನ ಪುಣ್ಯ, ಆದ್ರೆ ಎರಡು ವಾರ ಶರ್ಟ್ ಹಾಕೋವಾಗ ಎಡಗೈ ಮೇಲೆತ್ತಕ್ಕೆ ಆಗ್ತಿರ್ಲಿಲ್ಲ, ಮನೇವ್ಳು ತೋಳು ತೂರಿಸಿ ಕೊಡೋವಾಗೆಲ್ಲ "ರೀ, ದುಡ್ಡು ಉಳಿಸಿದ್ದು ಇದಕ್ಕೇನಾ" ಅಂತ ಕೇಳ್ತಿದ್ಳು, ಉತ್ತರ ಇರ್ಲಿಲ್ಲ.

ಆಮೇಲೆ ಗೊತ್ತಾಗಿದ್ದು ಏನಂದ್ರೆ, ಕ್ಯಾಚರ್‌ದು ಮಾಡೋ ಉದ್ದೇಶವೇ ಬೇರೆ. ಕ್ಯಾಚರ್ ಕುಕ್ಕರಗಾಲಲ್ಲಿ ಕೂತಿರ್ತಾನೆ, ಕೈಯಲ್ಲಿ ಗ್ಲೌಸಿದೆ, ನೆಲಕ್ಕೆ ಬಡಿದು ಬರೋ ಚೆಂಡನ್ನ ಎದೆ ಕೊಟ್ಟು ತಡೆದು ಮುಂದೇನೇ ಬೀಳಿಸ್ಬೇಕು, ಅದಕ್ಕೆ ಅವನ ಪ್ರೊಟೆಕ್ಟರ್ ಮೆತ್ತಗೆ, ಉದ್ದ, ಹೊಟ್ಟೆವರೆಗೂ ಮಡಚಿಕೊಳ್ಳೋ ಹಂಗೆ, ಚೆಂಡು ಪುಟಿಯದೇ ಸತ್ತು ಬೀಳೋ ಹಂಗೆ ಮಾಡಿರ್ತಾರೆ. ಎಸೆಯೋ ಕೈಗೆ ಅಡ್ಡ ಬರಬಾರ್ದು ಅಂತ ಭುಜದ ಹತ್ರ ಕತ್ತರಿಸಿರ್ತಾರೆ. ಅಂಪೈರ್‌ಗೆ ಇದ್ಯಾವುದೂ ಬೇಡ. ಚೆಂಡು ಎಲ್ಲಿಗೆ ಬೇಕಾದ್ರೂ ಪುಟಿದು ಹೋಗ್ಲಿ, ನಮಗೆ ಬೇಕಾಗಿರೋದು ಎರಡೂ ಕಾಲರ್ ಬೋನು, ಭುಜ, ಎದೆ, ಪಕ್ಕೆ ಮುಚ್ಚಿರ್ಬೇಕು, ಶರ್ಟಿನ ಒಳಗೆ ಕೂರ್ಬೇಕು, ಮತ್ತೆ ಬಗ್ಗಿ ನಿಂತಾಗ ಜರುಗಬಾರ್ದು. ಇದರ ಜೊತೆಗೆ ನಮ್ಮ ಕೈಯಲ್ಲಿ ಗ್ಲೌಸೂ ಇಲ್ಲ, ಇರೋದು ಬಾಲ್ ಸ್ಟ್ರೈಕ್ ಎಣಿಸೋ ಇಂಡಿಕೇಟರ್ ಒಂದೇ (ಬ್ಯಾಟರ್ ಹೊಡೆಯದೇ ಬಿಟ್ಟ ಎಸೆತ ಸರಿಯಾದ ಜಾಗದಲ್ಲಿ ಬಂದ್ರೆ ಸ್ಟ್ರೈಕ್, ಆಚೆ ಹೋದ್ರೆ ಬಾಲ್).

ಕ್ರಿಕೆಟ್ ನೋಡಿ ಬೆಳೆದೋರಿಗೆ ಇದು ತಲೆಗೆ ಹೋಗೋದು ಸ್ವಲ್ಪ ನಿಧಾನ. ಅಲ್ಲಿ ಅಂಪೈರ್ ಟೋಪಿ ಹಾಕ್ಕೊಂಡು ಬೌಲರ್ ಕಡೆ ನಿಂತಿರ್ತಾರೆ, ಚೆಂಡು ಅವರಿಂದ ದೂರ ಹೋಗುತ್ತೆ. ಇಲ್ಲಿ ಚೆಂಡು ನಮ್ಮ ಮುಖಕ್ಕೇ ಬರುತ್ತೆ, ಮಧ್ಯೆ ಒಬ್ಬ ಹುಡುಗ ಕೂತಿರ್ತಾನೆ ಅಷ್ಟೇ, ಅವನು ಹಿಡಿದ್ರೆ ಉಂಟು ಇಲ್ಲಾಂದ್ರೆ ಇಲ್ಲ. ಚೆಂಡು ಎಸೆಯೋ ಪಿಚರ್ ನಿಲ್ಲೋ ಜಾಗದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು, ಚೆಂಡಿನ ತೂಕ 5ರಿಂದ 5.25 ಔನ್ಸ್, ಅಂದ್ರೆ 142ರಿಂದ 149 ಗ್ರಾಮ್. ಒಳ್ಳೇ ಹೈಸ್ಕೂಲ್ ಹುಡುಗ ಗಂಟೆಗೆ 80 ಮೈಲಿ ವೇಗದಲ್ಲಿ ಎಸೆದ್ರೆ ಅರ್ಧ ಸೆಕೆಂಡಲ್ಲಿ ಚೆಂಡು ಬಂದಾಯ್ತು. ಅದು ಬ್ಯಾಟಿಗೆ ಸವರಿ ದಿಕ್ಕು ಬದಲಾಯಿಸಿದ ಮೇಲೆ ನನಗೂ ಅದಕ್ಕೂ ಇರೋದು ಐದಾರು ಅಡಿ. ಲೆಕ್ಕ ಹಾಕಿ ನೋಡಿ, ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಮನುಷ್ಯ ಏನನ್ನಾದ್ರೂ ನೋಡಿ ಮೈ ಅಲ್ಲಾಡಿಸಕ್ಕೆ ಅದರ ನಾಲ್ಕು ಪಟ್ಟು ಟೈಮ್ ಬೇಕು. ತಪ್ಪಿಸ್ಕೊತೀನಿ ಅನ್ನೋ ಮಾತೇ ಇಲ್ಲ. ಅಷ್ಟೇ ಅಲ್ಲ, ತಪ್ಪಿಸ್ಕೊಳಕ್ಕೆ ಹೋದೋರಿಗೇ ಜಾಸ್ತಿ ಪೆಟ್ಟಾಗೋದು, ಯಾಕಂದ್ರೆ ಹೆದರಿ ಪಕ್ಕಕ್ಕೆ ತಿರುಗಿದ್ರೆ ಪ್ರೊಟೆಕ್ಟರ್ ಇಲ್ಲದ ಪಕ್ಕೆ, ಕಂಕುಳು, ಬೆನ್ನು ಚೆಂಡಿಗೆ ಸಿಗುತ್ತೆ.

ಹಂಗಾಗಿ ನಾನು ಪ್ರೊಟೆಕ್ಟರನ್ನ ಅಳೆಯೋದು ನೋವಿನ ಲೆಕ್ಕದಲ್ಲಿ ಅಲ್ಲ. ಅದು ಹಾಕ್ಕೊಂಡಾಗ ನಾನು ಅಲ್ಲಾಡದೇ ನಿಲ್ತೀನಾ, ಚೆಂಡು ಗ್ಲೌಸಿಗೆ ಸೇರೋವರೆಗೂ ಕಣ್ಣು ತೆರೆದಿರ್ತೀನಾ, ಅಷ್ಟೇ ಕೇಳ್ಕೊಳೋದು. ಕಾಲರ್ ಬೋನಿಗೆ ಏಟು ಬಿದ್ದ ಆ ಸೀಸನ್ನಿನ ಉಳಿದ ಗೇಮುಗಳಲ್ಲಿ ನಾನು ಒಳಗಡೆ, ಅಂದ್ರೆ ಬ್ಯಾಟರ್ ಮೈ ಕಡೆ, ಬರೋ ಪ್ರತಿ ಚೆಂಡಿಗೂ ಕಣ್ಣು ಮುಚ್ಚಿದೀನಿ ಅಂತ ನನಗೇ ಗೊತ್ತು, ಯಾವ ಕೋಚೂ ಹೇಳ್ಬೇಕಿರ್ಲಿಲ್ಲ. ಕಣ್ಣು ಮುಚ್ಚಿ ಸ್ಟ್ರೈಕ್ ಅಂದಿದೀನಿ, ಕಣ್ಣು ಮುಚ್ಚಿ ಬಾಲ್ ಅಂದಿದೀನಿ. ಆ ಹುಡುಗರಿಗೆ ನಾನು ಬಾಕಿ ಇದೀನಿ.

ಈಗ ನಾನು ಹಾಕ್ತಿರೋ ಹಾರ್ಡ್ ಶೆಲ್ ವಿಷಯ. ನೋಡಕ್ಕೆ ಆಮೆಚಿಪ್ಪೇ, ನಮ್ಮ ಗೆಳೆಯನೊಬ್ಬ ಮೊದಲನೇ ಸಲ ನೋಡಿ "ಏನ್ ಮಗಾ, ಯುದ್ಧಕ್ಕೆ ಹೊರಟ್ಯಾ" ಅಂದ. ಹೊರಗಡೆ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆಗಳು, ಎದೆಗೆ ದೊಡ್ಡವು, ಹೊಟ್ಟೆ ಕಡೆ ಸಣ್ಣವು, ಒಂದಕ್ಕೊಂದು ಸ್ವಲ್ಪ ಗ್ಯಾಪ್ ಬಿಟ್ಟು ಜೋಡಿಸಿರ್ತಾರೆ, ಅದರ ಒಳಗೆ ದಪ್ಪ ಫೋಮ್, ಅದರ ಒಳಗೆ ಮೈಗೆ ತಾಗೋ ಬಟ್ಟೆ ಪದರ. ಚೆಂಡಿನ ಏಟು ಒಂದೇ ಚುಕ್ಕೆ ಮೇಲೆ ಬೀಳುತ್ತಲ್ಲ, ತಟ್ಟೆ ಅದನ್ನ ಅಗಲ ಮಾಡಿ ಹಂಚುತ್ತೆ, ಫೋಮ್ ಅದನ್ನ ನಿಧಾನ ಮಾಡಿ ನುಂಗುತ್ತೆ. ಭುಜದ ಮೇಲೆ ಎರಡು ಮುಚ್ಚಳ ಥರ ತಟ್ಟೆ, ಅದರಿಂದ ಕೆಳಗೆ ತೋಳಿಗೆ ಅಂತ ಎರಡು ಬಿಚ್ಚಿ ಹಾಕೋ ಪ್ಯಾಡು. ಕುತ್ತಿಗೆ ಸುತ್ತ ಮೆತ್ತನೆ ಕಾಲರು. ಬೆನ್ನಿಗೆ ಪಟ್ಟಿ, ಪಕ್ಕದಲ್ಲಿ ಕ್ಲಿಪ್ಪು.

ಈ ಜಾತಿ ಪ್ರೊಟೆಕ್ಟರಲ್ಲಿ ತುಂಬ ಹೆಸರು ಕೇಳಿಬರೋದು ವಿಲ್ಸನ್ ಮಾರೋ ವೆಸ್ಟ್ ವೆಸ್ಟು, ಹೆಸರಲ್ಲಿ ಎರಡು ಸಲ ವೆಸ್ಟ್ ಯಾಕೆ ಅಂದ್ರೆ ಮೊದಲನೇದು ಅಂಪೈರ್ ಜೋ ವೆಸ್ಟ್ ಹೆಸರು, ಎರಡನೇದು ತೋಳಿಲ್ಲದ ಅಂಗಿಗೆ ಇಂಗ್ಲಿಷಲ್ಲಿ ಅನ್ನೋ ಮಾತು, ಡಿಸೈನ್ ಅವರದ್ದು. ಅಮೆರಿಕಾದ ಅತಿ ದೊಡ್ಡ ಬೇಸ್‌ಬಾಲ್ ಲೀಗಾದ ಮೇಜರ್ ಲೀಗಲ್ಲಿ 5,460 ಗೇಮ್ ಮಾಡಿದ ಮನುಷ್ಯ, 2021ರಲ್ಲಿ ಬಿಲ್ ಕ್ಲೆಮ್ ಅನ್ನೋರ 5,375 ಗೇಮಿನ ಹಳೇ ದಾಖಲೆ ದಾಟಿ ಅದೇ ವರ್ಷದ ಸೀಸನ್ ಮುಗಿಸಿ ನಿವೃತ್ತಿ ಆದ್ರು. ಅವರ ತೀರ್ಪುಗಳ ಬಗ್ಗೆ ಜಗಳ ಆಡೋರು ಇವತ್ತಿಗೂ ಇದಾರೆ, ಅದು ಬಿಡಿ, ಅಷ್ಟು ವರ್ಷ ಏಟು ತಿಂದೋರಿಗೆ ಎಲ್ಲಿ ಬೀಳುತ್ತೆ ಅಂತ ಚೆನ್ನಾಗಿ ಗೊತ್ತಿರುತ್ತಲ್ಲ.

ತಮಾಷೆ ಅಂದ್ರೆ ಆ ಬಿಲ್ ಕ್ಲೆಮ್ಮಿಗೂ ಈ ಸಾಮಾನಿಗೂ ನಂಟಿದೆ. ಮೇಜರ್ ಲೀಗಲ್ಲಿ ನ್ಯಾಷನಲ್, ಅಮೆರಿಕನ್ ಅಂತ ಎರಡು ಲೀಗು, ಅದರಲ್ಲಿ 1905ರಿಂದ 1941ರವರೆಗೆ ನ್ಯಾಷನಲ್ ಲೀಗಲ್ಲಿ ಅಂಪೈರ್ ಆಗಿದ್ದೋರು, ಪ್ರೊಟೆಕ್ಟರನ್ನ ಶರ್ಟಿನ ಒಳಗೆ ಹಾಕೋ ರೂಢಿ ತಂದಿದ್ದು ಅವರೇ ಅಂತಾರೆ. ಇನ್ನೊಂದು ಕಡೆ ಅಮೆರಿಕನ್ ಲೀಗಿನವರು ದಶಕಗಟ್ಟಲೆ ಹೊರಗೆ ಹಿಡ್ಕೊಳೋ ದೊಡ್ಡ ಗಾಳಿ ತುಂಬಿದ ಪ್ರೊಟೆಕ್ಟರನ್ನೇ ಬಿಡ್ಲಿಲ್ಲ, ಹಳೇ ಫೋಟೋ ನೋಡಿದ್ರೆ ಹಾಸಿಗೆ ಹಿಡ್ಕೊಂಡು ನಿಂತ ಹಂಗೆ ಕಾಣುತ್ತೆ. ಆ ಹಾಸಿಗೆ ಹಿಡ್ಕೊಂಡು ಪಕ್ಕಕ್ಕೆ ಬಗ್ಗಕ್ಕೆ ಆಗಲ್ಲ, ಕ್ಯಾಚರ್ ತಲೆ ಮೇಲಿಂದ ನೋಡ್ಬೇಕು, ಹಂಗಾಗಿ ಮೊಣಕಾಲ ಹತ್ರದ ಚೆಂಡು ಸರಿಯಾಗಿ ಕಾಣ್ತಿರ್ಲಿಲ್ಲ. ಒಳಗೆ ಹಾಕ್ಕೊಂಡೋರು ಕ್ಯಾಚರಿಗೂ ಬ್ಯಾಟರಿಗೂ ಮಧ್ಯೆ ತಲೆ ಇಟ್ಟು ಕೆಳಗೆ ಬಗ್ಗಿ ನೋಡ್ತಿದ್ರು. ಅದಕ್ಕೇ ನ್ಯಾಷನಲ್ ಲೀಗಲ್ಲಿ ಕೆಳಗಿನ ಸ್ಟ್ರೈಕ್ ಸಿಗುತ್ತೆ, ಅಮೆರಿಕನ್ ಲೀಗಲ್ಲಿ ಮೇಲಿನದ್ದು ಸಿಗುತ್ತೆ ಅಂತ ಆಟಗಾರರೇ ಹೇಳ್ತಿದ್ರು. ಎದೆಗೆ ಕಟ್ಟೋ ಒಂದು ಸಾಮಾನು ಸ್ಟ್ರೈಕ್ ಝೋನನ್ನೇ, ಅಂದ್ರೆ ಸ್ಟ್ರೈಕ್ ಅನ್ನಿಸ್ಕೊಳ್ಳೋ ಜಾಗನೇ, ಮೇಲೆ ಕೆಳಗೆ ಮಾಡಿದ್ದು ನೋಡಿ! 1977ರಲ್ಲಿ ಅಮೆರಿಕನ್ ಲೀಗು ಹೊಸಬರೆಲ್ಲ ಒಳಗಡೆದೇ ಹಾಕ್ಬೇಕು ಅಂತ ಮಾಡ್ತು, ಹಳಬರಿಗೆ ಮಾತ್ರ ವಿನಾಯಿತಿ. ಆ ಹಾಸಿಗೆ ಹಿಡಿದ ಕೊನೇ ಅಂಪೈರ್ ಜೆರ್ರಿ ನ್ಯೂಡೆಕರ್, 1985ರ ಸೀಸನ್ ಮುಗಿಸಿ ಅವರು ನಿವೃತ್ತಿ ಆದ್ರು, ಹಾಸಿಗೆಯೂ ಅವರ ಜೊತೆಗೇ ಹೋಯ್ತು.

ಸರಿ, ಫಿಟ್ಟಿಂಗಿಗೆ ಬರ್ತೀನಿ, ಇದನ್ನ ಓದದೇ ಮುಂದೆ ಹೋಗ್ಬೇಡಿ, ನಾನು ಅರ್ಧ ಸೀಸನ್ ಕಳೆದಿದ್ದು ಇಲ್ಲೇ. ಬಾಕ್ಸಿಂದ ತೆಗೆದು ಕನ್ನಡಿ ಮುಂದೆ ನೆಟ್ಟಗೆ ನಿಂತು ಪಟ್ಟಿ ಬಿಗಿ ಮಾಡ್ಕೊಂಡೆ, ಬೊಂಬಾಟಾಗಿ ಕೂತಿತ್ತು. ಗ್ರೌಂಡಿಗೆ ಹೋಗಿ ಸ್ಲಾಟಲ್ಲಿ, ಅಂದ್ರೆ ಕ್ಯಾಚರಿಗೂ ಬ್ಯಾಟರಿಗೂ ಮಧ್ಯದ ಸಂದಿಯಲ್ಲಿ, ಬಗ್ಗಿದ ತಕ್ಷಣ ಇಡೀ ಚಿಪ್ಪು ಮೇಲಕ್ಕೆ ಜಾರಿ ಕಾಲರು ಬಂದು ಗದ್ದಕ್ಕೆ ಒತ್ತಿತು, ಮಾಸ್ಕಿನ ಕೆಳಗೆ ನೇತಾಡೋ ಗಂಟಲ ಗಾರ್ಡಿಗೂ ಅದಕ್ಕೂ ಡಿಕ್ಕಿ, ತಲೆ ತಿರುಗಿಸಿದ್ರೆ ಟಕ್ ಟಕ್ ಅಂತ ಸದ್ದು. ಮೊದಲ ಇನ್ನಿಂಗ್ಸಲ್ಲೇ ಕ್ಯಾಚರ್ ಹುಡುಗ ತಿರುಗಿ ನೋಡಿ "ಸರ್, ಏನಾದ್ರೂ ಮುರಿದಿದ್ಯಾ" ಅನ್ನೋ ಥರ ಮುಖ ಮಾಡ್ದ. ಆಮೇಲೆ ಜೊತೆಗೆ ಬೇಸಲ್ಲಿ ನಿಲ್ತಿದ್ದ ಹಿರಿಯ ಅಂಪೈರ್ ಒಬ್ರು ಪಾರ್ಕಿಂಗಲ್ಲಿ ನಿಲ್ಲಿಸ್ಕೊಂಡು ತೋರಿಸಿಕೊಟ್ರು: ಪಟ್ಟಿ ಅಡ್ಜಸ್ಟ್ ಮಾಡೋದು ನೆಟ್ಟಗೆ ನಿಂತಲ್ಲ, ಸ್ಲಾಟ್ ಸ್ಟಾನ್ಸಲ್ಲಿ ಬಗ್ಗಿ ನಿಂತು, ಮಾಸ್ಕ್ ಹಾಕ್ಕೊಂಡು. ನನ್ನದ್ರಲ್ಲಿ ಮೇಲಿನ ಭುಜದ ಪಟ್ಟಿ ತುಂಬ ಬಿಗಿ ಇತ್ತು, ಪಕ್ಕದ್ದು ಸಡಿಲ ಇತ್ತು, ಅವರು ಉಲ್ಟಾ ಮಾಡಿದ್ರು. ಬೆನ್ನ ಹಿಂದಿನ ಪಟ್ಟಿಗಳು ಕೂಡೋ ಜಾಗನ ಭುಜದ ಮೂಳೆಗಳ ಮಧ್ಯಕ್ಕೆ ಇಳಿಸಿದ್ರು. ಅಷ್ಟೇ ಕೆಲಸ. ಕಾಲರು ಗಂಟಲಿಂದ ಎರಡು ಬೆರಳು ದೂರ ನಿಂತಿತು, ಕೆಳಗಿನ ಅಂಚು ಬೆಲ್ಟಿಗೆ ತಾಗದ ಹಂಗೆ ಮೇಲೆ ನಿಂತಿತು.

ಸೈಜು ನೋಡೋವಾಗಲೂ ಇದೇ ತಪ್ಪು ಮಾಡ್ತಾರೆ ಜನ. ಉದ್ದ ಜಾಸ್ತಿ ಇದ್ರೆ ಜಾಸ್ತಿ ಸೇಫು ಅಂತ ದೊಡ್ಡದು ತಗೊತಾರೆ, ಬಗ್ಗಿದಾಗ ಅದರ ಕೆಳಗಿನ ಅಂಚು ಬೆಲ್ಟಿಗೆ, ತೊಡೆಗೆ ತಾಗಿ ಮೇಲಕ್ಕೆ ತಳ್ಳುತ್ತೆ, ಆಗ ಭುಜದ ಮುಚ್ಚಳ ಕಿವಿ ಹತ್ರ ಬಂದು ಭುಜದ ತುದಿ ಬರಿದಾಗುತ್ತೆ. ಕಾಲರ್ ಬೋನಿಂದ ಹೊಕ್ಕುಳ ಸ್ವಲ್ಪ ಮೇಲಿನವರೆಗೆ ಟೇಪಲ್ಲಿ ಅಳೆದು ಅದಕ್ಕೆ ಹೊಂದೋದು ತಗೊಳ್ಳಿ. ಹೊಟ್ಟೆ ಇರೋರು, ನಾನೂ ಅದೇ ಪಾರ್ಟಿ, ಬಗ್ಗಿ ಅಳೀರಿ, ಉಸಿರು ಒಳಗೆ ಎಳ್ಕೊಂಡು ಅಳೆದ್ರೆ ಮೋಸ ಹೋಗೋದು ನೀವೇ.

ಏಟುಗಳ ಲೆಕ್ಕ. ಮೂರು ಸೀಸನ್ನಲ್ಲಿ ಎದೆಗೆ ನೇರ ಬಿದ್ದಿದ್ದು ನೆನಪಿರೋ ಹಂಗೆ ಹತ್ತು ಹನ್ನೆರಡು, ಭುಜಕ್ಕೆ ನಾಲ್ಕು, ತೋಳಿಗೆ ಎರಡು. ಎದೆಗೆ ಬಿದ್ದಾಗ ಕೇಳ್ಸೋದು ಸದ್ದು, ನೋವಲ್ಲ. ಖಾಲಿ ಬಕೆಟ್ ಮೇಲೆ ಕಲ್ಲು ಹೊಡೆದ ಹಂಗೆ ದೊಪ್ ಅಂತ, ಬ್ಲೀಚರ್ಸಲ್ಲಿ ಕೂತ ಅಪ್ಪ ಅಮ್ಮಂದಿರೆಲ್ಲ ಒಟ್ಟಿಗೇ "ಊಹ್" ಅಂತಾರೆ, ನಾನು ಒಳಗೆ ಆರಾಮಾಗಿರ್ತೀನಿ. ಒಂದ್ಸಲ ಏಟಾದ ಮೇಲೆ ತಿಳಿನೀಲಿ ಶರ್ಟ್ ಮೇಲೆ ದುಂಡಗೆ ಮಣ್ಣಿನ ಗುರುತು ಬಿದ್ದಿತ್ತು, ಹತ್ರದಿಂದ ನೋಡಿದ್ರೆ ಅದರಲ್ಲಿ ಚೆಂಡಿನ ಹೊಲಿಗೆ ಸಾಲು ಕೂಡ ಎಣಿಸೋ ಹಂಗೆ ಅಚ್ಚಾಗಿತ್ತು, ಎದೆ ಗುಂಡಿಯಿಂದ ಎರಡಿಂಚು ಎಡಕ್ಕೆ. ಒಳಗೆ ಚರ್ಮದ ಮೇಲೆ ಕೆಂಪು ಕೂಡ ಇಲ್ಲ. ಅವತ್ತು ನಾನು ಕಣ್ಣು ಮುಚ್ಚಿರ್ಲಿಲ್ಲ. ಚೆಂಡು ಬ್ಯಾಟಿಗೆ ತಾಗಿದ್ದು ನೋಡಿದೀನಿ, ಕ್ಯಾಚರ್ ಗ್ಲೌಸಿನ ಹೆಬ್ಬೆಟ್ಟಿನ ಪಕ್ಕ ಜಾರಿ ಬರೋದು ನೋಡಿದೀನಿ, ಎದೆಗೆ ಬಿತ್ತು, ಕೈ ಎತ್ತಿ ಫೌಲ್ ಅಂದೆ, ಕೌಂಟ್ ಎರಡು ಬಾಲ್ ಎರಡು ಸ್ಟ್ರೈಕ್ ಅಂತ ತೋರಿಸ್ದೆ. ಕಾಸು ವಸೂಲ್ ಆಗಿದ್ದು ಅವತ್ತೇ.

ಮಧ್ಯೆ ಒಂದು ಮಾತು, ಇಂಥ ಏಟಿಗೆ ಎಲ್ರೂ ಫೌಲ್ ಟಿಪ್ ಅಂತಾರೆ, ರೂಲ್ ಬುಕ್ ಪ್ರಕಾರ ಅದು ತಪ್ಪು. ಸವರಿದ ಚೆಂಡನ್ನ ಕ್ಯಾಚರ್ ಹಿಡಿದ್ರೆ ಮಾತ್ರ ಫೌಲ್ ಟಿಪ್, ಅದು ಸ್ಟ್ರೈಕು, ಆಟ ನಿಲ್ಲಲ್ಲ. ನನ್ನ ಎದೆಗೆ ಬಡಿದಿದ್ದು ಬರೀ ಫೌಲು, ಆಟ ಅಲ್ಲಿಗೇ ನಿಲ್ಲುತ್ತೆ, ಅಲ್ಲಿಂದ ಪುಟಿದು ಕ್ಯಾಚರ್ ಕೈಗೆ ಹೋದ್ರೂ ಔಟಿಲ್ಲ. ಬ್ಯಾಟಿಗೆ ತಾಗದೇ ಪಿಚ್, ಅಂದ್ರೆ ಪಿಚರ್ ಎಸೆದ ಚೆಂಡು, ನೇರ ಬಂದು ನನಗೆ ಬಡಿದ್ರೆ ಮಾತ್ರ ಚೆಂಡು ಜೀವಂತ, ರನ್ನರ್ ಓಡ್ಬಹುದು, ನಾನು ನೋವು ಅಂತ ಕೂರೋ ಹಂಗಿಲ್ಲ. ಇನ್ನೂ ಮಜಾ, ಅಂಥ ಪಿಚ್ ನಮ್ಮ ಮಾಸ್ಕಲ್ಲೋ ಬಟ್ಟೆಬರೆಯಲ್ಲೋ ಸಿಕ್ಕಾಕೊಂಡು ಬಿಟ್ರೆ ರನ್ನರುಗಳಿಗೆ ಒಂದೊಂದು ಬೇಸ್ ಪುಕ್ಕಟೆ. ಶರ್ಟಿನ ಮೇಲಿನ ಗುಂಡಿ ಬಿಚ್ಚಿ ಪ್ರೊಟೆಕ್ಟರ್ ಕಾಲರ್ ಹೊರಗೆ ಚಾಚಿರೋ ಹಂಗೆ ನಿಲ್ಲೋರು ಇದನ್ನ ಒಂದ್ಸಲ ಯೋಚ್ನೆ ಮಾಡಿ.

ಭುಜದ ವಿಷಯಕ್ಕೆ ಬಂದ್ರೆ ಅಷ್ಟು ನಂಬರ್ ಕೊಡಲ್ಲ. ಬಲಗೈ ಬ್ಯಾಟರ್ ಇದ್ದಾಗ ನಾವು ಅವನಿಗೂ ಕ್ಯಾಚರಿಗೂ ಮಧ್ಯದ ಸಂದಿಯಲ್ಲಿ ನಿಲ್ತೀವಿ, ಬಲಭುಜ ಕ್ಯಾಚರ್ ಹಿಂದೆ ಸ್ವಲ್ಪ ಮರೆ ಇರುತ್ತೆ, ಎಡಭುಜ ಪೂರ್ತಿ ಬಯಲು. ನನ್ನ ನಾಲ್ಕು ಭುಜದ ಏಟಲ್ಲಿ ಮೂರು ಎಡಕ್ಕೇ. ಮುಚ್ಚಳ ಎರಡನ್ನ ತಡೀತು, ಮೂರನೇದು ಮುಚ್ಚಳಕ್ಕೂ ತೋಳಿನ ಪ್ಯಾಡಿಗೂ ಮಧ್ಯದ ಗ್ಯಾಪಲ್ಲಿ ಬಿತ್ತು, ಕೈ ಜೋಮು ಹಿಡಿದು ಇಂಡಿಕೇಟರ್ ಕೆಳಗೆ ಬಿತ್ತು. ಡಿಸೈನ್ ಮಾಡೋರು ದಯವಿಟ್ಟು ಆ ಗ್ಯಾಪು ಮುಚ್ಚಿ ಸ್ವಾಮಿ. ತೋಳಿನ ಪ್ಯಾಡು ವೆಲ್ಕ್ರೋದಲ್ಲಿ ಅಂಟಿಸೋದು, ಎರಡನೇ ಸೀಸನ್ ಹೊತ್ತಿಗೆ ವೆಲ್ಕ್ರೋ ತುಂಬ ನೂಲು, ಧೂಳು ತುಂಬ್ಕೊಂಡು ಸತ್ತೇ ಹೋಯ್ತು, ಒಂದ್ ದಿನ ಸ್ಟ್ರೈಕ್ ತ್ರೀ ಅಂತ ಜೋರಾಗಿ ಕೈ ಬೀಸಿದಾಗ ಪ್ಯಾಡು ತೋಳಿನ ಒಳಗಿಂದ ಜಾರಿ ಶರ್ಟಿನ ಕೈಯಿಂದ ಹೊರಗೆ ಬಿತ್ತು. ಔಟಾದ ಹುಡುಗನೇ ಎತ್ತಿ ಕೊಟ್ಟ, ಪಾಪ. ಈಗ ಸೂಜಿ ದಾರದಲ್ಲಿ ಹೊಲಿದುಬಿಟ್ಟಿದೀನಿ, ಬಿಚ್ಚಿ ಹಾಕೋ ಸೌಲಭ್ಯ ಹೋಯ್ತು, ನೆಮ್ಮದಿ ಬಂತು.

ಸೆಕೆ, ಬೆವರು. ಇದಕ್ಕೆ ಯಾವ ಕಂಪನಿಯೂ ಪರಿಹಾರ ಕಂಡುಹಿಡಿದಿಲ್ಲ, ಏನೇನೋ ಹೆಸರಿಟ್ಟು ಗಾಳಿ ಆಡುತ್ತೆ ಅಂತಾರೆ, ಗಾಳಿ ಆಡೋದು ಡಬ್ಬದ ಮೇಲಿನ ಚಿತ್ರದಲ್ಲಿ. ಒಂದೇ ದಿನ ಎರಡು ಗೇಮ್ ಮಾಡಿದ್ರೆ ಎರಡನೇ ಗೇಮಿಗೆ ಒಳಗಿನ ಬಟ್ಟೆ ಹಿಂಡಿದ್ರೆ ನೀರು ಬರುತ್ತೆ. ಚಿಪ್ಪಿನ ಕೆಳಗೆ ಬೆವರು ಹೀರೋ ಟೈಟ್ ಟೀ ಶರ್ಟ್ ಹಾಕ್ಕೊಳ್ಳಿ, ಗೇಮಿಗೆ ಒಂದರಂತೆ ಬದಲಾಯಿಸಿ, ಕಾಟನ್ ಬನಿಯನ್ ಮಾತ್ರ ಬೇಡ, ನೆಂದು ಕಂಕುಳಲ್ಲಿ ತರಚುತ್ತೆ. ಗೇಮ್ ಮುಗಿದ ಮೇಲೆ ಬ್ಯಾಗಲ್ಲಿ ಹಾಕಿ ಕಾರಿನ ಡಿಕ್ಕಿಯಲ್ಲಿ ಮರೆತ್ರೋ, ಮುಗೀತು ಕತೆ. ನಾನು ಒಂದು ವಾರ ಮರೆತಿದ್ದೆ. ಆ ವಾಸನೆಗೆ ಹೆಸರಿಲ್ಲ. ಮನೇವ್ಳು ಬಾಗಿಲಲ್ಲೇ ತಡೆದು "ರೀ, ಒಂದೋ ಅದು ಒಳಗೆ ಬರುತ್ತೆ, ಇಲ್ಲಾ ನಾನು ಇರ್ತೀನಿ" ಅಂದ್ಳು. ಒಳಗಿನ ಪದರ ಬಿಚ್ಚಿ ಬರೋದಿದ್ರೆ ಅಂಥದ್ದನ್ನೇ ತಗೊಳ್ಳಿ, ನನ್ನದು ಬರುತ್ತೆ, ಅದೊಂದು ಪುಣ್ಯ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು, ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸೋದು. ಬಿಸಿಲಿಗೂ ಡ್ರೈಯರಿಗೂ ಹಾಕ್ಬೇಡಿ, ಫೋಮ್ ಹಾಳಾಗುತ್ತೆ.

ಈ ಸೆಕೆ ತಡೀಲಾರದೇ ಸಾಫ್ಟ್ ಶೆಲ್ ಒಂದನ್ನ ತಗೊಂಡಿದ್ದು. ಹೊರಗೆ ಗಟ್ಟಿ ತಟ್ಟೆ ಇಲ್ಲ, ಫೋಮ್ ಪದರಗಳೇ ಕೆಲಸ ಮಾಡೋದು. ಹಗುರ, ಶರ್ಟಿನ ಒಳಗೆ ಇದೆ ಅಂತಾನೇ ಗೊತ್ತಾಗಲ್ಲ, ಬಗ್ಗೋದು ಸಲೀಸು, ಫೋಟೋದಲ್ಲಿ ಮನುಷ್ಯನ ಥರ ಕಾಣ್ತೀವಿ. ಹತ್ತು ಹನ್ನೆರಡು ವರ್ಷದ ಮಕ್ಕಳ ಗೇಮಿಗೆ ಇದು ಧಾರಾಳ ಸಾಕು, ಅಲ್ಲಿ ಚೆಂಡಿಗಿಂತ ಜಾಸ್ತಿ ಏಟು ಬೀಳೋದು ಅಪ್ಪಂದಿರ ಬಾಯಿಂದ. ಹೈಸ್ಕೂಲ್ ಹುಡುಗರ ಗೇಮಿಗೆ ಒಂದ್ಸಲ ಇದನ್ನ ಹಾಕ್ಕೊಂಡು ಹೋದೆ. ಮೂರನೇ ಇನ್ನಿಂಗ್ಸಲ್ಲಿ ಎದೆ ಮಧ್ಯಕ್ಕೇ ಒಂದು ಬಿತ್ತು, ಉಸಿರು ಕಟ್ತು, ಮೂಳೆಗಿಳೆ ಏನೂ ಆಗ್ಲಿಲ್ಲ. ಆದ್ರೆ ನಾಲ್ಕನೇ ಇನ್ನಿಂಗ್ಸಿಂದ ಹಳೇ ಚಾಳಿ ವಾಪಸ್ ಬಂತು, ಒಳಗಡೆ ಚೆಂಡು ಬಂದ ಕೂಡ್ಲೇ ರೆಪ್ಪೆ ಬಡಿಯೋದು. ಸಾಫ್ಟ್ ಹಾಕ್ಕೊಂಡು ದೊಡ್ಡ ಲೆವೆಲ್ಲಲ್ಲಿ ಕೆಲಸ ಮಾಡೋರು ಇದಾರೆ, ಅವರ ಗುಂಡಿಗೆ ದೊಡ್ಡದು. ನನ್ನದು ಇಷ್ಟೇ.

ಗುಂಡಿಗೆ ಅಂದಮೇಲೆ ಇದನ್ನೂ ಹೇಳ್ಬೇಕು. ಕಮೋಶಿಯೋ ಕಾರ್ಡಿಸ್ ಅಂತ ಒಂದಿದೆ. ಹೃದಯದ ಮೇಲೆ ಸರಿಯಾಗಿ ಬಡಿದ ಏಟು, ಹೃದಯದ ಬಡಿತದ ಒಂದು ಸಣ್ಣ ಕ್ಷಣದಲ್ಲಿ, 10ರಿಂದ 30 ಮಿಲಿಸೆಕೆಂಡಿನ ಸಂದಿಯಲ್ಲಿ ಬಿದ್ರೆ, ಹೃದಯದ ತಾಳ ತಪ್ಪಿ ಮನುಷ್ಯ ಅಲ್ಲೇ ಕುಸಿದು ಬೀಳ್ತಾನೆ. ಮೂಳೆ ಮುರಿಯಲ್ಲ, ಗಾಯ ಇರಲ್ಲ. ತುಂಬ ಅಪರೂಪ, ಎದೆಗೂಡು ಇನ್ನೂ ಗಟ್ಟಿಯಾಗದ ಹುಡುಗರಿಗೇ ಜಾಸ್ತಿ. ಚೆಂಡು ಭಯಂಕರ ವೇಗದಲ್ಲಿ ಇರಬೇಕಂತಿಲ್ಲ, ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಗಂಟೆಗೆ 40 ಮೈಲಿ ಆಸುಪಾಸಿನ ವೇಗವೇ ಅತಿ ಅಪಾಯ ಅಂತ ಕಂಡಿದ್ದು. ಬರೀ ದಪ್ಪ ಫೋಮ್ ಇದ್ರೆ ಇದು ತಪ್ಪಲ್ಲ ಅಂತ ಗೊತ್ತಾದ ಮೇಲೆ ನಾಕ್ಸೀ ಅನ್ನೋ ಮಾನದಂಡ ಸಂಸ್ಥೆ ಇದಕ್ಕೇ ಅಂತ ಬೇರೆ ಟೆಸ್ಟ್ ಮಾಡ್ತು, 2020ರ ಜನವರಿ 1ರಿಂದ ಅಮೆರಿಕಾದ ಹೈಸ್ಕೂಲ್ ಬೇಸ್‌ಬಾಲ್ ರೂಲಲ್ಲಿ ಕ್ಯಾಚರುಗಳು ಆ ಟೆಸ್ಟ್ ಪಾಸಾದ ಪ್ರೊಟೆಕ್ಟರೇ ಹಾಕ್ಬೇಕು. ಆ ರೂಲು ಕ್ಯಾಚರುಗಳ ಬಗ್ಗೆ. ಅಂಪೈರ್ ಪ್ರೊಟೆಕ್ಟರ್ ಮೇಲೆ ಆ ಮುದ್ರೆ ಇದೆಯಾ ಅಂತ ತಗೊಳೋವಾಗ ತಿರುಗಿಸಿ ನೋಡಿ, ನನ್ನ ಮೊದಲನೇದ್ರಲ್ಲಿ ಇರ್ಲಿಲ್ಲ, ನಾನು ನೋಡೂ ಇರ್ಲಿಲ್ಲ. ಇನ್ನೊಂದು, ಯಾವ ಗ್ರೌಂಡಿಗೆ ಹೋದ್ರೂ ಈಗ ನಾನು ಮೊದಲು ಕೇಳೋದು ತಾಳ ತಪ್ಪಿದ ಹೃದಯಕ್ಕೆ ಶಾಕ್ ಕೊಡೋ ಎಇಡಿ ಮಷೀನ್ ಎಲ್ಲಿದೆ ಅಂತ. ಗೇಮಿಗೆ ಮುಂಚಿನ ಪ್ಲೇಟ್ ಮೀಟಿಂಗಲ್ಲಿ ಕೋಚುಗಳು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ.

ಈಗ ಮೇಜರ್ ಲೀಗಲ್ಲಿ 2026ರಿಂದ ಬಾಲೋ ಸ್ಟ್ರೈಕೋ ಅನ್ನೋ ಅಂಪೈರ್ ತೀರ್ಪನ್ನ ಮಷೀನ್ ಹತ್ರ ಚಾಲೆಂಜ್ ಮಾಡೋ ವ್ಯವಸ್ಥೆ ಬಂದಿದೆ, ಇನ್ನು ನಿಮ್ಮ ಕೆಲಸ ಏನಪ್ಪಾ ಅಂತ ಕೇಳ್ತಾರೆ ಜನ. ಏಟು ತಿನ್ನೋಕೆ ಇನ್ನೂ ಮಷೀನ್ ಬಂದಿಲ್ಲ ಅಂತೀನಿ.

ಶರ್ಟಿನ ಬಗ್ಗೆ ಯಾರೂ ಹೇಳಲ್ಲ. ಹಾರ್ಡ್ ಶೆಲ್ ಮೇಲೆ ನಿಮ್ಮ ಮಾಮೂಲಿ ಸೈಜು ಹಾಕಿದ್ರೆ ಗುಂಡಿ ಮಧ್ಯೆ ಬಾಯಿ ಬಿಡುತ್ತೆ, ತೋಳೆತ್ತಿದ್ರೆ ಹೊಟ್ಟೆ ಕಾಣುತ್ತೆ. ಪ್ಲೇಟಿಗೆ ಅಂತ ಒಂದು ಸೈಜ್ ದೊಡ್ಡದು ಬೇರೆ ಇಡಿ, ಬೇಸಲ್ಲಿ ನಿಲ್ಲೋ ದಿನಕ್ಕೆ ನಿಮ್ಮ ಸೈಜಿಂದು ಬೇರೆ. ನಾನು ಒಂದ್ಸಲ ಉಲ್ಟಾ ಮಾಡ್ಕೊಂಡು ಹೋಗಿದ್ದೆ, ಬೇಸಲ್ಲಿ ಅಣ್ಣನ ಶರ್ಟ್ ಹಾಕ್ಕೊಂಡ ತಮ್ಮನ ಥರ ನಿಂತಿದ್ದೆ.

ನಂಬರ್ ಕೊಡ್ಲೇಬೇಕು ಅಂದ್ರೆ ನನ್ನ ಹಾರ್ಡ್ ಶೆಲ್ಲಿಗೆ ಐದಕ್ಕೆ ನಾಲ್ಕು. ಅರ್ಧ ಆ ಭುಜದ ಗ್ಯಾಪಿಗೆ ಕಟ್, ಅರ್ಧ ವೆಲ್ಕ್ರೋಗೆ. ಸೆಕೆಗೆ ಕಟ್ ಮಾಡಲ್ಲ, ಅದು ಎಲ್ಲದ್ರದ್ದೂ ಹಣೆಬರಹ. ಸಾಫ್ಟಿಗೆ ಚಿಕ್ಕ ಮಕ್ಕಳ ಗೇಮಿಗಾದ್ರೆ ನಾಲ್ಕು, ದೊಡ್ಡೋರ ಗೇಮಿಗೆ ನನ್ನ ಲೆಕ್ಕದಲ್ಲಿ ಎರಡೂವರೆ.

ಸೆಕೆಂಡ್ ಹ್ಯಾಂಡ್ ತಗೊಳೋರು ಇರ್ತೀರ, ತಪ್ಪಿಲ್ಲ, ಆದ್ರೆ ಹೊರಗಿನ ತಟ್ಟೆಯ ಹೊಳಪು ನೋಡಿ ತಗೊಬೇಡಿ. ತಿರುಗಿಸಿ, ಎದೆ ಭಾಗದ ಫೋಮನ್ನ ಹೆಬ್ಬೆಟ್ಟಲ್ಲಿ ಜೋರಾಗಿ ಒತ್ತಿ ಬಿಡಿ. ಕುಳಿ ತಕ್ಷಣ ತುಂಬ್ಕೊಂಡ್ರೆ ಇನ್ನೂ ಜೀವ ಇದೆ. ಬೆರಳಚ್ಚು ಹಂಗೇ ಕೂತಿದ್ರೆ, ಅಥವಾ ಒತ್ತಿದಾಗ ಹಪ್ಪಳದ ಥರ ಚರಚರ ಅಂದ್ರೆ, ಮಾರೋರಿಗೆ ನಮಸ್ಕಾರ ಹೇಳಿ ವಾಪಸ್ ಬನ್ನಿ. ತಟ್ಟೆ ಕೂಡಿಸಿರೋ ರಿವೆಟ್ಟುಗಳ ಹಿಂದೆಯೂ ಬೆರಳಾಡಿಸಿ, ಒಳಗಿನ ಬಟ್ಟೆ ಸವೆದು ಲೋಹ ಕೈಗೆ ತಾಗಿದ್ರೆ ಅದು ನಾಳೆ ನಿಮ್ಮ ಪಕ್ಕೆಗೆ ತಾಗುತ್ತೆ, ಅದೂ ಚೆಂಡಿನ ಜೊತೆಗೆ.